ಬೈತಖೋಲದಲ್ಲಿ ಕೇರಂ

ಜೂನ್ ಒಂದರಿಂದ ಅರವತ್ತೊಂದು ದಿನ
ಸಮುದ್ರಕ್ಕೆ ರಜೆ ಅಂದರು.
ಟ್ರಾಲರುಗಳು ಧಕ್ಕೆಯ ಮಗ್ಗುಲಲ್ಲಿ ಒಂದಕ್ಕೊಂದು ಒರಗಿ
ಹಳೇ ಟಾಯರು ಉಜ್ಜುತ್ತ ನಿಂತವು.
ಬಲೆ ಹೆಣೆಯುವ ಶೆಡ್ಡಿನಲ್ಲಿ
ಡೀಸೆಲ್ ಡ್ರಮ್ಮಿನ ಮೇಲೆ ಕೇರಂ ಬೋರ್ಡು ಏರಿತು.

ಫಿಸಿಕ್ಸಿನಲ್ಲಿ ನನಗೆ ಹತ್ತೊಂಬತ್ತು.
ಮರುಪರೀಕ್ಷೆಗೆ ಇನ್ನು ಹದಿನಾರು ದಿನ.
ಕರೆಂಟು ಇರುತ್ತಿದ್ದದ್ದು ಶೆಡ್ಡಿನಲ್ಲಿ ಮಾತ್ರ,
ಹಾಗಾಗಿ ಅಂಕ ಬರೆಯುವ ಕೆಲಸ ನನ್ನ ಪಾಲಿಗೆ.
ನೋಟುಬುಕ್ಕಿನ ಮುಂದಿನಿಂದ ಚಲನೆಯ ನಿಯಮಗಳು,
ಹಿಂದಿನಿಂದ ಪುರಸೋ ತಾಂಡೇಲನ ಸೋಲುಗಳು.
ನಡುವಿನ ಪಿನ್ನಿನ ಹತ್ತಿರ ಎರಡೂ ಸೇರುವುದರಲ್ಲಿದ್ದವು.

ಮಳೆಗಾಲದ ಹಲಗೆ ನೀರು ಕುಡಿದಿತ್ತು.
ಸ್ಟ್ರೈಕರು ಹೊರಟು ನಡುದಾರಿಯಲ್ಲಿ
ಏನೋ ಮರೆತವರ ಹಾಗೆ ನಿಲ್ಲುವುದು.
ಬೋರಿಕ್ ಮುಗಿದ ದಿನ
ಪುರಸೋನ ಮೊಮ್ಮಗಳ ಪೌಡರು ಬಂತು,
ಬೋರ್ಡೆಲ್ಲ ತೊಟ್ಟಿಲಿನ ವಾಸನೆ.
ಘರ್ಷಣೆ ಹೆಚ್ಚಾದರೆ ಕಾಯಿ ಮನೆಬಿಟ್ಟು ಹೊರಡುವುದೇ ಇಲ್ಲ,
ಕಡಿಮೆಯಾದರೆ ಊರೆಲ್ಲ ಸುತ್ತಿ ಬರುತ್ತದೆ.
ಒಂದಿಷ್ಟು ಬೇಕು. ಎಷ್ಟು ಎಂಬುದು
ಪುರಸೋನ ಅಂಗೈಗೆ ಗೊತ್ತಿತ್ತು.

ನೇರ ಹೊಡೆದರೆ ಕಾಯಿ ಓಡುತ್ತದೆ.
ಸ್ಟ್ರೈಕರು ತೂಕದ್ದು, ಇದ್ದದ್ದೆಲ್ಲ ಕೊಡುವುದಿಲ್ಲ.
ಉಳಿಸಿಕೊಂಡಷ್ಟರಲ್ಲಿ ಹಿಂದೆ ಹಿಂದೆ ತೆವಳಿ
ಕೆಲವೊಮ್ಮೆ ತಾನೂ ಗುಂಡಿಗೆ ಬಿದ್ದು
ದಂಡ ಕಟ್ಟುತ್ತದೆ.

ಸಗುಣನ ಬಲಗೈಯಲ್ಲಿ ತೋರುಬೆರಳಿಲ್ಲ, ನಡುಬೆರಳಿಲ್ಲ.
ಉಂಗುರ ಬೆರಳಿನಿಂದ ಹೊಡೆಯುತ್ತಾನೆ,
ಯಾರೂ ಕಾಯದ ಮೂಲೆಯಿಂದ.
ಹಲಗೆ, ಕರಿಕಾಯಿ, ಮತ್ತೆ ಹಲಗೆ, ಗುಂಡಿ.
ಹೊಡೆದ ಮೇಲೆ ಬೋರ್ಡಿನ ಕಡೆ ನೋಡುವುದೂ ಇಲ್ಲ,
ಬೀಡಿಗೆ ಬೆಂಕಿಪೆಟ್ಟಿಗೆ ಹುಡುಕುತ್ತಿರುತ್ತಾನೆ.

ಒಂದು ಸಂಜೆ ಮೂರನೆಯ ನಿಯಮ ಗಟ್ಟಿಯಾಗಿ ಓದಿದೆ.
ಕ್ರಿಯೆ, ಪ್ರತಿಕ್ರಿಯೆ, ಸಮ, ವಿರುದ್ಧ.
"ಎರಡೂ ಸಮ ಅಂದ್ರೆ," ಪುರಸೋ ಕೇಳಿದ,
"ಮತ್ತೆ ಕಾಯಿ ಯಾಕೆ ಓಡ್ತದೆ?
ಎಲ್ಲ ಇದ್ದಲ್ಲೇ ಇರಬೇಕಲ್ಲ?"
ನನಗೆ ಸೊನ್ನೆ ಬಂದ ಪ್ರಶ್ನೆ ಅದೇ.

ಸಗುಣ ಸ್ಟ್ರೈಕರಿನ ಮೇಲೆ ಬೆರಳಿಟ್ಟವನು ತೆಗೆದ.
"ದೇವಗಡದ ಆಚೆ ಬಲೆ ಬಂಡೆಗೆ ಸಿಕ್ಕಿತ್ತು, ಬಾಯ್.
ನಾವು ಎಳೆದೆವು. ಬಂಡೆ ಎಳೆಯಿತು.
ನಾವೆಷ್ಟೋ ಅದೂ ಅಷ್ಟೇ,
ಒಂದು ಗುಂಜಿ ಹೆಚ್ಚಿಲ್ಲ, ಕಮ್ಮಿಯಿಲ್ಲ.
ಆದರೆ ನಾವು ಎಳೆದದ್ದು ಬಂಡೆಯನ್ನು,
ಬಂಡೆ ಎಳೆದದ್ದು ನಮ್ಮನ್ನು.
ಅದರ ಬುಡಕ್ಕೆ ಇಡೀ ಭೂಮಿ,
ನಮ್ಮ ಬುಡಕ್ಕೆ ನೀರು.
ಯಾರು ಸರಿಯಬೇಕು, ನೀನೇ ಹೇಳು."

ತಗಡಿನ ಮೇಲೆ ಮಳೆ ಜೋರಾಯಿತು.
"ಬಂಡೆಯದು ತಪ್ಪಿಲ್ಲ," ಅಂದ.
"ನಡುವೆ ಇದ್ದದ್ದು ರೋಪು.
ಅದು ಯಾರ ಕಡೆಯದೂ ಅಲ್ಲ.
ತುಂಡಾಗಿ ಬಂದದ್ದು ಮಾತ್ರ ನನ್ನ ಕಡೆಗೆ."
ಆಮೇಲೆ ಉಂಗುರ ಬೆರಳು ಬಾಗಿಸಿ
ರಾಣಿಯನ್ನು ಹೊಡೆದ. ತಪ್ಪಿತು.
ಅವನು ತಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.
ಅಂಕದ ಸಾಲಿನಲ್ಲಿ ಏನೂ ಬರೆಯಲಿಲ್ಲ.

ಪರೀಕ್ಷೆಯಲ್ಲಿ ಆ ಪ್ರಶ್ನೆಯೇ ಬಂತು.
ಬಂಡೆ, ದೋಣಿ, ಎರಡು ಬೇರೆ ಬೇರೆ ಮೈ,
ಎರಡು ಬಾಣ ಬಿಡಿಸಿದೆ.
ಕೈಯನ್ನು ಬಿಡಿಸಲಿಲ್ಲ.
ಅದಕ್ಕೆಷ್ಟು ಕೊಟ್ಟರೋ, ಒಟ್ಟು ಮೂವತ್ತೇಳು.

ಆಗಸ್ಟ್ ಒಂದು. ಬೆಳಗು ಇನ್ನೂ ಹರಿದಿರಲಿಲ್ಲ.
ಎಂಜಿನ್ನುಗಳು ಕೆಮ್ಮಿ ಕೆಮ್ಮಿ ಗಂಟಲು ಬಿಚ್ಚಿದವು.
ಅಷ್ಟು ದಿನ ನಿಂತದ್ದಕ್ಕೆ
ಹೊರಡುವುದೇ ಮರೆತಂತಿತ್ತು ದೋಣಿಗಳಿಗೆ.
ಸಗುಣ ಹಗ್ಗ ಬಿಚ್ಚಿದ,
ಉಳಿದ ಬೆರಳುಗಳಲ್ಲಿ ಬಿದಿರಿನ ಗಳ ಹಿಡಿದು
ಧಕ್ಕೆಯನ್ನು ನೂಕಿದ.
ಧಕ್ಕೆ ಅಲುಗಲಿಲ್ಲ. ದೋಣಿ ಸರಿಯಿತು,
ಮೊದಲು ಒಂದು ಗೇಣು ನೀರು ಕಂಡಿತು,
ಆಮೇಲೆ ಬರೀ ನೀರು.

ಧಕ್ಕೆಯ ಮೇಲೆ ನಾನು ನಿಂತಿದ್ದೆ.
ಆ ನೂಕಿನಲ್ಲಿ ಒಂದು ಪಾಲು
ಕಲ್ಲಿನೊಳಗಿಂದ ಹಾದು ನನ್ನ ಅಂಗಾಲಿಗೂ ತಗುಲಿರಬೇಕು,
ಲೆಕ್ಕಕ್ಕೆ ಸಿಗದಷ್ಟು.
ನಾನು ಕದಲಲಿಲ್ಲ.